ಬಾಗಿಲು ಎಷ್ಟು ಸಲ ತೆರೆಯಿತು ಅನ್ನೋದು ಯಾರ ಆಸ್ತಿ?

ಲಿಫ್ಟ್ ದುರಸ್ತಿ
ನಮಸ್ಕಾರ ಎಲ್ಲರಿಗೂ. ಲಿಫ್ಟ್ ರಿಪೇರಿ ನನ್ನ ಕೆಲಸ. ಸಣ್ಣ ತಂಡ, ನಾವು ಯಾವ ತಯಾರಕರ ಏಜೆಂಟರೂ ಅಲ್ಲ. ಮೊದಲೆಲ್ಲ ಮೆಷಿನ್ ರೂಮಿಗೆ ಹೋಗಿ, ಮೋಟಾರಿನ ಸದ್ದು ಕೇಳಿ, ಬ್ರೇಕ್ ನೋಡಿ ಏನಾಗಿದೆ ಅಂತ ಹೇಳುತ್ತಿದ್ದೆವು. ಈಗಿನ ಲಿಫ್ಟ್‌ಗಳ ಬೋರ್ಡಿನಲ್ಲಿ ಒಂದು ಸಿಮ್ ಇರುತ್ತದೆ. ಬಾಗಿಲು ಎಷ್ಟು ಸಲ ತೆರೆಯಿತು, ಮುಚ್ಚಲು ಎಷ್ಟು ಹೊತ್ತು ಹಿಡಿಯಿತು, ಮೋಟಾರು ಎಷ್ಟು ಕರೆಂಟ್ ಎಳೆಯಿತು, ಯಾವ ಮಹಡಿಯಲ್ಲಿ ಲೆವೆಲ್ ತಪ್ಪಿತು, ಎಲ್ಲ ತಯಾರಕರ ಸರ್ವರ್‌ಗೆ ಹೋಗುತ್ತದೆ. ಲಿಫ್ಟ್ ಕೊಂಡವರ ಕೈಗೆ ಮಾತ್ರ ಬರುವುದಿಲ್ಲ.

ಹೋದ ತಿಂಗಳು ಒಂದು ಕಟ್ಟಡದಲ್ಲಿ ಬಾಗಿಲು ಮುಚ್ಚಿ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತಿತ್ತು. ಪರದೆ ಮೇಲೆ ಒಂದು ಕೋಡ್. ಅದರ ಅರ್ಥ ಗೊತ್ತಾಗಬೇಕಾದರೆ ಅವರ ಟೂಲ್ ಬೇಕು, ಟೂಲ್ ತೆರೆಯಲು ಅವರ ಪಾಸ್‌ವರ್ಡ್ ಬೇಕು. ಕಟ್ಟಡದ ಮಾಲೀಕರೇ ಇಮೇಲ್ ಬರೆದು ಆರು ತಿಂಗಳ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ, ಕೇಳಿದರು. ಬಂದ ಉತ್ತರ ಎರಡೇ ಸಾಲು. ಈ ಡೇಟಾ ನಮ್ಮ ಬೌದ್ಧಿಕ ಆಸ್ತಿ, ಹೊರಗಿನವರಿಗೆ ಕೊಡಲು ಆಗುವುದಿಲ್ಲ ಅಂತ. ಮೂರು ದಿನ ಹುಡುಕಿದೆವು. ಕೊನೆಗೆ ನಾಲ್ಕನೇ ಮಹಡಿಯ ಬಾಗಿಲಿನ ಕೆಳಗೆ, ಬಾಗಿಲು ಜಾರುವ ತೋಡಿನಲ್ಲಿ, ಉಗುರಿನಷ್ಟು ದೊಡ್ಡ ಒಂದು ಸ್ಕ್ರೂ ಸಿಕ್ಕಿಕೊಂಡಿತ್ತು. ಲಾಗ್ ಇದ್ದಿದ್ದರೆ ಆ ಒಂದು ಮಹಡಿಯಲ್ಲಿ ಮಾತ್ರ ಬಾಗಿಲು ತಡ ಮಾಡುತ್ತಿದೆ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಆ ಮೂರು ದಿನ ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬರು ಮನೆಯಿಂದ ಹೊರಗೇ ಬರಲಿಲ್ಲ. ಅದು ನನಗೆ ಇನ್ನೂ ಕಾಡುತ್ತಿದೆ.

ನನ್ನ ಪ್ರಶ್ನೆ ಎರಡು. ಒಂದು, ಬಾಗಿಲು ಎಷ್ಟು ಸಲ ತೆರೆಯಿತು ಅನ್ನುವ ಲೆಕ್ಕ ನಿಜವಾಗಿಯೂ ಯಾರಾದರೊಬ್ಬರ ಬೌದ್ಧಿಕ ಆಸ್ತಿ ಆಗುತ್ತದಾ? ಎರಡು, ಸ್ಪರ್ಧಾ ಕಾನೂನು ಅಂತ ಒಂದಿದೆಯಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದಾ?

ಕಾನೂನು ವಿದ್ಯಾರ್ಥಿನಿ
ಮೊದಲ ಪ್ರಶ್ನೆಗೆ ಉತ್ತರ: ಕಾಪಿರೈಟ್ ಮಟ್ಟಿಗೆ, ಇಲ್ಲ. ಕಾಪಿರೈಟ್ ಇರುವುದು ಒಬ್ಬರ ಸೃಜನಶೀಲ ಕೆಲಸಕ್ಕೆ. ಸಂಗತಿಗೆ ಅಲ್ಲ. ಬಾಗಿಲು ತೆರೆದದ್ದು ಒಂದು ಸಂಗತಿ.

ಇದಕ್ಕೆ ಎಲ್ಲರೂ ಹೇಳುವ ಕೇಸ್ ಅಂದರೆ ಅಮೆರಿಕದ ಸುಪ್ರೀಂ ಕೋರ್ಟಿನ 1991ರ ಫೈಸ್ಟ್ ತೀರ್ಪು. ರೂರಲ್ ಅನ್ನುವ ಟೆಲಿಫೋನ್ ಕಂಪನಿ ತನ್ನ ಡೈರೆಕ್ಟರಿಯ ಹೆಸರು, ನಂಬರ್ ಬಳಸಲು ಫೈಸ್ಟ್ ಕಂಪನಿಗೆ ಅನುಮತಿ ಕೊಡಲಿಲ್ಲ. ಫೈಸ್ಟ್ ಅನುಮತಿ ಇಲ್ಲದೆಯೇ ತೆಗೆದುಕೊಂಡಿತು. ನಕಲು ಮಾಡಿದವರನ್ನು ಹಿಡಿಯಲು ರೂರಲ್ ಡೈರೆಕ್ಟರಿಯಲ್ಲಿ ಸುಳ್ಳು ಹೆಸರುಗಳನ್ನೂ ಸೇರಿಸಿತ್ತು, ಅದರಲ್ಲಿ ನಾಲ್ಕು ಫೈಸ್ಟ್ ಪುಸ್ತಕದಲ್ಲಿ ಸಿಕ್ಕವು. ನಕಲು ಮಾಡಿದ್ದು ಸಾಬೀತಾಯಿತು. ಆದರೂ ಗೆದ್ದದ್ದು ಫೈಸ್ಟ್! ಬೆವರು ಸುರಿಸಿ ಸೇರಿಸಿದ ಮಾತ್ರಕ್ಕೆ ಕಾಪಿರೈಟ್ ಬರುವುದಿಲ್ಲ, ಅಕ್ಷರಮಾಲೆ ಪ್ರಕಾರ ಜೋಡಿಸುವುದರಲ್ಲಿ ಸೃಜನಶೀಲತೆ ಏನೂ ಇಲ್ಲ ಅಂತ ಕೋರ್ಟ್ ಹೇಳಿತು. ಭಾರತದ ಸುಪ್ರೀಂ ಕೋರ್ಟ್ ಕೂಡ 2007ರ ಡಿಸೆಂಬರ್‌ನಲ್ಲಿ ಕೋರ್ಟ್ ತೀರ್ಪುಗಳನ್ನು ಪ್ರಕಟಿಸುವ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಹತ್ತಿರ ಹತ್ತಿರ ಇದೇ ದಾರಿ ಹಿಡಿಯಿತು. ತೀರ್ಪಿನ ಮೂಲ ಪಠ್ಯ ಎಲ್ಲರದ್ದು, ಸಂಪಾದಕರು ತಲೆ ಖರ್ಚು ಮಾಡಿ ಬರೆದ ಸಾರಾಂಶ, ಪ್ಯಾರಾ ವಿಂಗಡಣೆ ಇಂಥವು ಮಾತ್ರ ಅವರದ್ದು ಅಂತ. ಬೌದ್ಧಿಕ ಆಸ್ತಿ ಬಗ್ಗೆ ದೇಶಗಳ ನಡುವೆ ಆದ 1994ರ ಟ್ರಿಪ್ಸ್ ಒಪ್ಪಂದದ 10ನೇ ವಿಧಿಯಲ್ಲೂ ಇದೇ ಮಾತಿದೆ. ಆಯ್ಕೆ ಮತ್ತು ಜೋಡಣೆಗೆ ರಕ್ಷಣೆ, ಒಳಗಿರುವ ಡೇಟಾಕ್ಕೆ ಅಲ್ಲ.

ಯುರೋಪ್ ಮಾತ್ರ ಸ್ವಲ್ಪ ಬೇರೆ ದಾರಿ ಹಿಡಿಯಿತು. 1996ರಲ್ಲಿ ಡೇಟಾಬೇಸ್‌ಗೇ ಒಂದು ವಿಶೇಷ ಹಕ್ಕು ಕೊಟ್ಟರು, 15 ವರ್ಷಕ್ಕೆ. ಸೃಜನಶೀಲತೆ ಬೇಡ, ಡೇಟಾ ಸೇರಿಸಲು, ಪರೀಕ್ಷಿಸಲು ದೊಡ್ಡ ಹೂಡಿಕೆ ಮಾಡಿದ್ದರೆ ಸಾಕು. ಆದರೆ 2004ರಲ್ಲಿ ಬ್ರಿಟಿಷ್ ಕುದುರೆ ರೇಸ್ ಮಂಡಳಿ ಮತ್ತು ಬಾಜಿ ಕಂಪನಿ ವಿಲಿಯಂ ಹಿಲ್ ನಡುವಿನ ಕೇಸಿನಲ್ಲಿ ಯುರೋಪಿನ ನ್ಯಾಯಾಲಯ ಒಂದು ಗೆರೆ ಎಳೆಯಿತು. ಬೇರೆ ಕಡೆ ಇರುವ ಡೇಟಾವನ್ನು ಹುಡುಕಿ ತರಲು ಮಾಡಿದ ಖರ್ಚು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕೆಲಸದಲ್ಲಿ ತಾನಾಗಿಯೇ ಹುಟ್ಟುವ ಡೇಟಾಕ್ಕೆ ಮಾಡಿದ ಖರ್ಚು ಬರುವುದಿಲ್ಲ. ರೇಸಿನಲ್ಲಿ ಯಾವ ಕುದುರೆ ಓಡುತ್ತದೆ ಅನ್ನುವ ಪಟ್ಟಿಯನ್ನು ಮಂಡಳಿಯೇ ಮಾಡುತ್ತದೆ, ಅದು ಹುಡುಕಿದ್ದಲ್ಲ. ನಿಮ್ಮ ಲಿಫ್ಟ್ ಲಾಗ್ ಕೂಡ ಅದೇ ಜಾತಿಗೆ ಹತ್ತಿರ.

ಸರ್ವರ್ ರೂಮ್
ಮೇಲಿನವರು ಹೇಳಿದ್ದು ಸರಿ. ಆದರೆ ನಾನು ಹತ್ತು ವರ್ಷದಿಂದ ಡೇಟಾ ಪೈಪ್‌ಲೈನ್ ಕೆಲಸ ಮಾಡುತ್ತಿದ್ದೇನೆ, ಕಾಪಿರೈಟ್‌ನಿಂದ ಯಾರೂ ಡೇಟಾ ಬೀಗ ಹಾಕುವುದನ್ನು ನಾನು ನೋಡಿಲ್ಲ. ಬೀಗ ಬೇರೆ ಇದೆ. ಪಾಸ್‌ವರ್ಡ್, ಎನ್‌ಕ್ರಿಪ್ಶನ್, ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳುವ ದಾರಿ) ಷರತ್ತು, ನೀವು ಓದದೆ ಒಪ್ಪಿದ ಒಪ್ಪಂದ. ಕಾನೂನು ಡೇಟಾಕ್ಕೆ ಮಾಲೀಕ ಇಲ್ಲ ಅನ್ನುತ್ತದೆ, ಸರ್ವರ್ ಯಾರ ಹತ್ತಿರ ಇದೆಯೋ ಅವನೇ ಮಾಲೀಕನ ಹಾಗೆ ಇರುತ್ತಾನೆ.

ಇನ್ನೊಂದು ವಿಚಿತ್ರ ನೋಡಿ. 2015ರಲ್ಲಿ ರಯಾನ್‌ಏರ್ ತನ್ನ ವಿಮಾನಗಳ ದರ, ಸಮಯವನ್ನು ಪಿಆರ್ ಏವಿಯೇಷನ್ ಅನ್ನುವ ಹೋಲಿಕೆ ಸೈಟ್ ಎತ್ತಿಕೊಳ್ಳುತ್ತಿದೆ ಅಂತ ಹಾಕಿದ ಕೇಸಿನಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಡೇಟಾಬೇಸ್ ಕಾನೂನಿನ ರಕ್ಷಣೆ ಇದ್ದರೆ ಅದರ ಜೊತೆ ಬಳಕೆದಾರರಿಗೂ ಕೆಲವು ಹಕ್ಕು ಬರುತ್ತವೆ, ಅವನ್ನು ಒಪ್ಪಂದ ಬರೆದು ಕಿತ್ತುಕೊಳ್ಳಲು ಆಗುವುದಿಲ್ಲ. ರಕ್ಷಣೆಯೇ ಇಲ್ಲದ ಡೇಟಾಬೇಸ್ ಆದರೆ ಆ ಮಿತಿಯೂ ಇಲ್ಲ, ಒಪ್ಪಂದದಲ್ಲಿ ಏನು ಬೇಕಾದರೂ ಬರೆಯಬಹುದು. ಅಂದರೆ ಕಾನೂನಿನ ಕಣ್ಣಲ್ಲಿ ಕಡಿಮೆ ಬೆಲೆಯ ಡೇಟಾಕ್ಕೆ ಒಪ್ಪಂದದಿಂದ ಜಾಸ್ತಿ ಬೀಗ ಹಾಕಬಹುದು! ಲಿಂಕ್ಡ್‌ಇನ್ ಪ್ರೊಫೈಲ್‌ಗಳಿಂದ ಡೇಟಾ ಎತ್ತಿಕೊಳ್ಳುತ್ತಿದ್ದ ಹೈಕ್ಯೂ ಅನ್ನುವ ಕಂಪನಿಯ ಕಥೆಯೂ ಹಾಗೇ ಆಯಿತು. ಲಿಂಕ್ಡ್‌ಇನ್‌ನಲ್ಲಿ ಎಲ್ಲರಿಗೂ ಕಾಣುವ ಪ್ರೊಫೈಲ್ ತೆಗೆದರೆ ಅದು ಹ್ಯಾಕಿಂಗ್ ಆಗುವುದು ಅನುಮಾನ ಅಂತ 2022ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಹೈಕ್ಯೂ ಪರ ನಿಂತಿತು. ಅದೇ ವರ್ಷ ಕೆಳಗಿನ ಕೋರ್ಟ್, ಬಳಕೆ ಒಪ್ಪಂದ ಮುರಿದಿದ್ದೀರಿ ಅಂತ ಹೈಕ್ಯೂ ವಿರುದ್ಧ ಹೇಳಿತು. ಅಲ್ಲಿಗೆ ಮುಗಿಯಿತು.

ನಿಮಗೆ ಬಂದ ಇಮೇಲ್‌ನಲ್ಲಿ ಬೌದ್ಧಿಕ ಆಸ್ತಿ ಅಂದಿದ್ದಾರೆ. ಕೆದಕಿ ಕೇಳಿದರೆ ಮುಂದಿನ ಉತ್ತರ ಟ್ರೇಡ್ ಸೀಕ್ರೆಟ್ ಅಂತ ಬರುತ್ತದೆ, ಬರೆದಿಟ್ಟುಕೊಳ್ಳಿ.

ಲಿಫ್ಟ್ ದುರಸ್ತಿ
ಬಂದಿದೆ. ಇವತ್ತು ಬೆಳಿಗ್ಗೆ. ನಮ್ಮ ಮಾಲೀಕರು ಎರಡನೇ ಸಲ ಕೇಳಿದಾಗ ಇದು ವ್ಯಾಪಾರದ ಗುಟ್ಟು ಅಂದರು.

ಕೋಡ್ ಹೇಗೆ ಬರೆದಿದ್ದಾರೆ, ಯಾವ ಲೆಕ್ಕದಲ್ಲಿ ಮೋಟಾರು ಕೆಡುವ ದಿನ ಊಹಿಸುತ್ತಾರೆ ಅನ್ನೋದು ಗುಟ್ಟು ಇರಬಹುದು, ನಾನು ಒಪ್ಪುತ್ತೇನೆ, ಅದು ನನಗೆ ಬೇಡವೇ ಬೇಡ. ಆದರೆ ಮಾಲೀಕರ ಕಟ್ಟಡದಲ್ಲಿ ಮಾಲೀಕರ ಲಿಫ್ಟಿನ ಬಾಗಿಲು ಮಾಲೀಕರ ಕಣ್ಣೆದುರು ತೆರೆದದ್ದು ಅವರಿಂದಲೇ ಮುಚ್ಚಿಡುವ ಗುಟ್ಟು ಹೇಗಾಗುತ್ತದೆ?

ಕಾನೂನು ವಿದ್ಯಾರ್ಥಿನಿ
ಇಲ್ಲಿ ನೀವು ಎಳೆದ ಗೆರೆ ತುಂಬಾ ಮುಖ್ಯ. ಕಚ್ಚಾ ಡೇಟಾ ಬೇರೆ, ಅದರಿಂದ ತೆಗೆದ ತೀರ್ಮಾನ ಬೇರೆ. ಗುಟ್ಟು ಅನ್ನಿಸಿಕೊಳ್ಳಬೇಕಾದರೆ ಮೂರು ಇರಬೇಕು: ಸಾಮಾನ್ಯವಾಗಿ ಗೊತ್ತಿರಬಾರದು, ಗುಟ್ಟಾಗಿ ಇರುವುದರಿಂದಲೇ ಅದಕ್ಕೆ ಬೆಲೆ ಇರಬೇಕು, ಗುಟ್ಟಾಗಿ ಇಡಲು ಸರಿಯಾದ ಕ್ರಮ ತೆಗೆದುಕೊಂಡಿರಬೇಕು. ದೊಡ್ಡ ರಾಶಿಯಲ್ಲಿ, ಅಂದರೆ ಸಾವಿರಾರು ಲಿಫ್ಟ್‌ಗಳ ಲಾಗ್ ಒಟ್ಟಿಗೆ ಇದ್ದರೆ, ಆ ರಾಶಿಗೆ ಈ ವಾದ ನಿಲ್ಲಬಹುದು. ಒಂದು ಲಿಫ್ಟಿನ ಲಾಗ್‌ಗೆ ವಾದ ಬಹಳ ತೆಳ್ಳಗಾಗುತ್ತದೆ.

ಈಗ ಎರಡನೇ ಪ್ರಶ್ನೆ. ಸ್ಪರ್ಧಾ ಕಾನೂನಿನಲ್ಲಿ ದೊಡ್ಡವರಾಗಿರುವುದು ತಪ್ಪಲ್ಲ. ತಮ್ಮ ಹತ್ತಿರ ಇರುವುದನ್ನು ಎದುರಾಳಿಗೆ ಕೊಡದಿರುವುದೂ ಸಾಮಾನ್ಯವಾಗಿ ತಪ್ಪಲ್ಲ. ಕೊಡದೆ ಹೋದರೆ ಪಕ್ಕದ ಮಾರುಕಟ್ಟೆಯಲ್ಲಿ ಸ್ಪರ್ಧೆಯೇ ಸತ್ತು ಹೋಗುತ್ತದೆ ಅನ್ನುವ ಕಡೆ ಮಾತ್ರ ಕಾನೂನು ಕೈ ಹಾಕುತ್ತದೆ. ಯುರೋಪಿನ ನ್ಯಾಯಾಲಯದ 1995ರ ಮ್ಯಾಗಿಲ್ ತೀರ್ಪು ಓದಿ. ಐರ್ಲೆಂಡಿನಲ್ಲಿ ಪ್ರತಿ ಟಿವಿ ಸಂಸ್ಥೆಯೂ ತನ್ನ ವಾರದ ಕಾರ್ಯಕ್ರಮ ಪಟ್ಟಿಯನ್ನು ತಾನೇ ಮಾರುತ್ತಿತ್ತು. ಎಲ್ಲ ಚಾನೆಲ್‌ಗಳದ್ದೂ ಸೇರಿಸಿ ಒಂದೇ ಪತ್ರಿಕೆ ಮಾಡಲು ಮ್ಯಾಗಿಲ್ ಹೊರಟಾಗ ಕಾಪಿರೈಟ್ ತೋರಿಸಿ ನಿಲ್ಲಿಸಿದರು. ಜನಕ್ಕೆ ಬೇಕಾದ ಹೊಸ ವಸ್ತುವನ್ನು ಹೀಗೆ ತಡೆಯುವುದು ಪ್ರಾಬಲ್ಯದ ದುರ್ಬಳಕೆ, ಲೈಸೆನ್ಸ್ ಕೊಡಿ ಅಂತ ಆಯಿತು. 2004ರ ಐಎಂಎಸ್ ಹೆಲ್ತ್ ಕೇಸ್ ಇನ್ನೂ ಡೇಟಾಕ್ಕೆ ಹತ್ತಿರ. ಜರ್ಮನಿಯನ್ನು 1,860 ತುಂಡಾಗಿ ಕತ್ತರಿಸಿ ಔಷಧ ಮಾರಾಟದ ಡೇಟಾ ಕೊಡುವ ಒಂದು ನಕ್ಷೆ ಅದು. ಔಷಧ ಕಂಪನಿಗಳು ಅದಕ್ಕೆ ಎಷ್ಟು ಒಗ್ಗಿದ್ದವು ಅಂದರೆ ಬೇರೆ ನಕ್ಷೆಯಲ್ಲಿ ಡೇಟಾ ಕೊಟ್ಟರೆ ಯಾರೂ ಕೊಳ್ಳುವವರಿಲ್ಲ. ಅಲ್ಲಿ ಕೋರ್ಟ್ ಷರತ್ತುಗಳನ್ನು ಬಿಗಿ ಮಾಡಿ ಹೇಳಿತು: ಹೊಸ ವಸ್ತು ಇರಬೇಕು, ನಿರಾಕರಣೆಗೆ ನ್ಯಾಯವಾದ ಕಾರಣ ಇರಬಾರದು, ಆ ಮಾರುಕಟ್ಟೆಯಲ್ಲಿ ಸ್ಪರ್ಧೆ ಪೂರ್ತಿ ಮುಚ್ಚಿಹೋಗುವಂತಿರಬೇಕು.

ನಿಮಗೆ ತೀರಾ ಹತ್ತಿರದ್ದು ಕೊಡಾಕ್ ಕೇಸ್. ಜೆರಾಕ್ಸ್ ಮಾಡುವ ಯಂತ್ರ ಮಾರಿ, ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಕೊಡಲ್ಲ ಅಂದಿತು ಕೊಡಾಕ್. ಯಂತ್ರದ ಮಾರುಕಟ್ಟೆಯಲ್ಲಿ ಬೇರೆ ಕಂಪನಿಗಳೂ ಇವೆ, ನಮಗೆ ಪ್ರಾಬಲ್ಯ ಎಲ್ಲಿದೆ ಅನ್ನೋದು ವಾದ. ಯಂತ್ರ ಒಮ್ಮೆ ಕೊಂಡವರು ಸಿಕ್ಕಿಬಿದ್ದಂತೆ, ರಿಪೇರಿಯೇ ಒಂದು ಬೇರೆ ಮಾರುಕಟ್ಟೆ ಆಗಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಆಮೇಲೆ ಕೊಡಾಕ್ ಪೇಟೆಂಟ್ ಎತ್ತಿಕೊಂಡು ಬಂತು. 1997ರಲ್ಲಿ ಮೇಲ್ಮನವಿ ಕೋರ್ಟ್ ನೋಡಿದರೆ ಸಾವಿರಾರು ಬಿಡಿಭಾಗಗಳಲ್ಲಿ ಪೇಟೆಂಟ್ ಇದ್ದದ್ದು 65ಕ್ಕೆ. ಬಿಡಿಭಾಗಗಳ ಮ್ಯಾನೇಜರೇ ಸಾಕ್ಷಿ ಹೇಳುವಾಗ, ಆ ನಿರ್ಧಾರ ಮಾಡಿದಾಗ ಪೇಟೆಂಟ್ ವಿಷಯ ತಲೆಗೇ ಬಂದಿರಲಿಲ್ಲ ಅಂದುಬಿಟ್ಟರು. ಬೌದ್ಧಿಕ ಆಸ್ತಿ ಅನ್ನುವುದು ಆಮೇಲೆ ಹುಡುಕಿದ ನೆಪ ಅಂತ ಸ್ಪಷ್ಟವಾಯಿತು. 2000ದಲ್ಲಿ ಇನ್ನೊಂದು ಅಮೆರಿಕನ್ ಕೋರ್ಟ್ ಜೆರಾಕ್ಸ್ ಕಂಪನಿಯ ಕೇಸಿನಲ್ಲಿ ಪೇಟೆಂಟ್ ಇದ್ದವರ ಪರವೇ ಹೇಳಿದೆ, ಹಾಗಾಗಿ ಇದನ್ನು ಕಲ್ಲಿನಲ್ಲಿ ಬರೆದದ್ದು ಅಂದುಕೊಳ್ಳಬೇಡಿ.

ಲೆಕ್ಕಪುಸ್ತಕ
ನಾನು ಸ್ವಲ್ಪ ವಿರುದ್ಧ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೆನ್ಸರ್ ಹಾಕಿದ್ದು ಅವರು, ಸಿಮ್ ಬಿಲ್ ಕಟ್ಟುವುದು ಅವರು. ಕೇಳಿದವರಿಗೆಲ್ಲ ಕೊಡಲೇಬೇಕು ಅಂದರೆ ನಾಳೆ ಸೆನ್ಸರ್ ಹಾಕುವವರು ಯಾರು? ಇನ್ನೊಂದು, ಡೇಟಾ ಬಾವಿ ನೀರಿನ ಹಾಗಲ್ಲ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆ ಆಗುವುದಿಲ್ಲ. ಬೇಗ ಹಳತಾಗುತ್ತದೆ. ಅರ್ಧ ಡೇಟಾ ಇದ್ದವರು ಒಳ್ಳೆಯ ಎಂಜಿನಿಯರ್‌ಗಳನ್ನು ಇಟ್ಟುಕೊಂಡು ಪೂರ್ತಿ ಡೇಟಾ ಇದ್ದವರನ್ನು ಸೋಲಿಸಬಹುದು. ಡೇಟಾ ಇದೆ ಅಂದ ಮಾತ್ರಕ್ಕೆ ಏಕಸ್ವಾಮ್ಯ ಅನ್ನುವುದು ಆತುರ.

ಸರ್ವರ್ ರೂಮ್
ಲೆಕ್ಕಪುಸ್ತಕ ಅವರೇ, ಒಳ್ಳೆಯ ಪ್ರಶ್ನೆ. ಎಷ್ಟೋ ಕಡೆ ನಿಮ್ಮ ಮಾತು ನಿಜ. ಒಂದು ಹಂತ ದಾಟಿದ ಮೇಲೆ ಇನ್ನೊಂದು ಕೋಟಿ ಸಾಲು ಸೇರಿಸಿದರೂ ಮಾಡೆಲ್ ಅಷ್ಟೇನೂ ಸುಧಾರಿಸುವುದಿಲ್ಲ, ನಾನೇ ನೋಡಿದ್ದೇನೆ. ಆದರೆ ಅದು ಜನ ಪದೇ ಪದೇ ಕೇಳುವ ವಿಷಯಗಳಲ್ಲಿ. ಅಪರೂಪಕ್ಕೆ ಒಬ್ಬರು ಕೇಳುವ ಪ್ರಶ್ನೆ ಇರುತ್ತದಲ್ಲ, ಅಲ್ಲಿ ರಾಶಿ ದೊಡ್ಡದಿದ್ದವರೇ ಗೆಲ್ಲುವುದು. ಸರ್ಚ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಜನ ಜಾಸ್ತಿ ಬಂದರೆ ಕ್ಲಿಕ್ ಜಾಸ್ತಿ, ಕ್ಲಿಕ್ ಜಾಸ್ತಿ ಆದರೆ ಉತ್ತರ ಚೆನ್ನಾಗಿ ಬರುತ್ತದೆ, ಉತ್ತರ ಚೆನ್ನಾಗಿದ್ದರೆ ಇನ್ನೂ ಜನ ಬರುತ್ತಾರೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಸರ್ಚ್‌ನಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂದಾಗ ಈ ಬಳಕೆದಾರರ ಡೇಟಾದ ಪ್ರಮಾಣವೂ ತೀರ್ಪಿನಲ್ಲಿ ದೊಡ್ಡ ಭಾಗ ಆಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರ ಹೇಳುವಾಗ ಕ್ರೋಮ್ ಮಾರಿ ಅನ್ನಲಿಲ್ಲ. ಸರ್ಚ್ ಸೂಚಿಯ ಕೆಲವು ಭಾಗ, ಬಳಕೆದಾರರ ಡೇಟಾದ ಕೆಲವು ಭಾಗ ಅರ್ಹ ಎದುರಾಳಿಗಳಿಗೆ ಕೊಡಿ ಅಂದರು. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಲ್ಲೂ ಗೇಟ್‌ಕೀಪರ್, ಅಂದರೆ ಮಾರುಕಟ್ಟೆಯ ಬಾಗಿಲು ಕಾಯುವಷ್ಟು ದೊಡ್ಡವು ಅಂತ ಗುರುತಿಸಿದ, ಸರ್ಚ್ ಕಂಪನಿಗಳು ಕ್ಲಿಕ್ ಡೇಟಾವನ್ನು ನ್ಯಾಯವಾದ ಷರತ್ತಿನ ಮೇಲೆ ಹಂಚಬೇಕು ಅಂತ ಇದೆ, ಹೆಸರು ಗುರುತು ತೆಗೆದು.

ಅಂದ ಹಾಗೆ ಸುಮ್ನೆ ಕೊಡಿ ಅಂತ ಯಾರೂ ಹೇಳುತ್ತಿಲ್ಲ. ಸಿಮ್ ಖರ್ಚು ಸೇರಿಸಿ ನ್ಯಾಯವಾದ ಶುಲ್ಕ ಕೇಳಲಿ.

ಕಿಟಕಿ ಪರದೆ
ಹಂಚಿ, ಹಂಚಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಲಿಫ್ಟ್ ಲಾಗ್ ಬರೀ ಯಂತ್ರದ ಡೇಟಾ ಅಲ್ಲ ಅನ್ನೋದು ಯಾರಿಗೂ ಹೊಳೆಯಲಿಲ್ಲವಾ? ಮಹಡಿಗೆ ಒಂದೇ ಮನೆ ಇರುವ ಕಟ್ಟಡ ಅಂದುಕೊಳ್ಳಿ. ಆರನೇ ಮಹಡಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಿತು, ರಾತ್ರಿ ಒಂಬತ್ತರವರೆಗೆ ಮತ್ತೆ ತೆರೆಯಲೇ ಇಲ್ಲ. ಆ ಮನೆ ಇಡೀ ದಿನ ಖಾಲಿ ಅಂತ ಅರ್ಥ. ಈ ಲಾಗ್ ಯಾರ್ಯಾರ ಕೈಗೋ ಹೋಗುವುದು ನನಗೆ ಭಯ.

ಡೇಟಾ ರಾಶಿಯ ಬಲ ಹುಟ್ಟುವುದೇ ನಮ್ಮ ಖಾಸಗಿ ಬದುಕಿನಿಂದ. ಜರ್ಮನಿಯ ಸ್ಪರ್ಧಾ ಪ್ರಾಧಿಕಾರ 2019ರಲ್ಲಿ ಇದನ್ನೇ ಹಿಡಿಯಿತು. ಫೇಸ್‌ಬುಕ್ ಬೇರೆ ಬೇರೆ ಆ್ಯಪ್, ಸೈಟ್‌ಗಳಿಂದ ಡೇಟಾ ತಂದು ಒಂದೇ ಖಾತೆಗೆ ಸೇರಿಸುವುದು, ಅದಕ್ಕೆ ಒಪ್ಪದಿದ್ದರೆ ಸೇವೆಯೇ ಇಲ್ಲ ಅನ್ನುವುದು ದುರ್ಬಳಕೆ ಅಂತ. ಸ್ಪರ್ಧಾ ಪ್ರಾಧಿಕಾರ ಖಾಸಗಿತನದ ಕಾನೂನನ್ನೂ ನೋಡಬಹುದು ಅಂತ 2023ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಿತು. ಭಾರತದ ಸ್ಪರ್ಧಾ ಆಯೋಗ ವಾಟ್ಸ್ಆ್ಯಪ್‌ನ 2021ರ ಖಾಸಗಿತನ ನೀತಿಗೆ ಮೆಟಾ ಮೇಲೆ 2024ರ ನವೆಂಬರ್‌ನಲ್ಲಿ 213.14 ಕೋಟಿ ರೂಪಾಯಿ ದಂಡ ಹಾಕಿದ್ದೂ ಇದೇ ಕಾರಣಕ್ಕೆ. ಒಪ್ಪಿ ಇಲ್ಲ ಬಿಡಿ ಅನ್ನುವುದು ನಿಜವಾದ ಒಪ್ಪಿಗೆ ಅಲ್ಲ.

ಕಾನೂನು ವಿದ್ಯಾರ್ಥಿನಿ
ಆ ಖಾಲಿ ಮನೆಯ ಮಾತು ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಇದಕ್ಕೆ ಒಂದು ಹಳೆಯ ದಾರಿ ಇದೆ. ಫ್ರಾನ್ಸಿನ ಜಿಡಿಎಫ್ ಸುಯೆಜ್ ಕಂಪನಿಗೆ ಸರ್ಕಾರಿ ಏಕಸ್ವಾಮ್ಯದ ಕಾಲದಿಂದ ಬಂದ ಗ್ಯಾಸ್ ಗ್ರಾಹಕರ ಪಟ್ಟಿ ಇತ್ತು. ಅದನ್ನು ಎದುರಾಳಿಗಳಿಗೂ ಕೊಡಿ ಅಂತ ಅಲ್ಲಿನ ಪ್ರಾಧಿಕಾರ 2014ರಲ್ಲಿ ಆದೇಶ ಮಾಡಿತು. ಆದರೆ ಕೊಡುವ ಮೊದಲು ಗ್ರಾಹಕರಿಗೆ ತಿಳಿಸಬೇಕು, ಬೇಡ ಅಂದವರ ಹೆಸರು ಬಿಡಬೇಕು ಅಂತಲೂ ಹೇಳಿತು. ಹಾಗಾಗಿ ಹಂಚುವುದೋ ಖಾಸಗಿತನವೋ ಅಂತ ಒಂದನ್ನೇ ಆರಿಸಬೇಕಿಲ್ಲ. ರಿಪೇರಿಗೆ ಬಾಗಿಲು ಮುಚ್ಚಿದ ಹೊತ್ತಿನ ಅಳತೆ ಸಾಕು, ಗಡಿಯಾರದ ಸಮಯ ಬೇಕಾಗಿಲ್ಲ, ಅಲ್ವಾ?

ವಿಲೀನದ ವಿಷಯ ಯಾರೂ ಎತ್ತಲಿಲ್ಲ. ಚಿಕ್ಕದಾಗಿ ಹೇಳಿಬಿಡುತ್ತೇನೆ. ಡೇಟಾ ರಾಶಿ ಎಷ್ಟೋ ಸಲ ಕೊಂಡು ಬೆಳೆಯುತ್ತದೆ. 2014ರಲ್ಲಿ ಫೇಸ್‌ಬುಕ್ ವಾಟ್ಸ್ಆ್ಯಪ್ ಕೊಂಡಾಗ ವಾಟ್ಸ್ಆ್ಯಪ್‌ಗೆ ಆದಾಯ ಅಷ್ಟೇನೂ ಇರಲಿಲ್ಲ, ವಹಿವಾಟಿನ ಲೆಕ್ಕ ನೋಡಿದರೆ ಯುರೋಪ್ ಮಟ್ಟದ ಪರಿಶೀಲನೆಗೇ ಬರುತ್ತಿರಲಿಲ್ಲ. ಕಂಪನಿಯೇ ಕೇಳಿಕೊಂಡಿದ್ದರಿಂದ ಬಂತು, ಒಪ್ಪಿಗೆ ಸಿಕ್ಕಿತು. ಎರಡೂ ಕಡೆಯ ಖಾತೆಗಳನ್ನು ತಾನಾಗಿಯೇ ಜೋಡಿಸಲು ಆಗುವುದಿಲ್ಲ ಅಂತ ಆಗ ಹೇಳಿದ್ದು ತಪ್ಪು ಮಾಹಿತಿ ಅಂತ 2017ರಲ್ಲಿ 11 ಕೋಟಿ ಯೂರೋ ದಂಡ ಬಿತ್ತು. ಅಷ್ಟರಲ್ಲಿ ಎರಡೂ ಒಂದೇ ಮನೆ ಸೇರಿಯಾಗಿತ್ತು.

ಲಿಫ್ಟ್ ದುರಸ್ತಿ
ನಾವು ಹೊರಗಿನ ರಿಪೇರಿಯವರು ಒಂದಷ್ಟು ಜನ ಸೇರಿ ನಮ್ಮ ಡೇಟಾವನ್ನೇ ಒಟ್ಟು ಮಾಡಿದರೆ ಹೇಗೆ ಅಂತ ಯೋಚಿಸುತ್ತಿದ್ದೇವೆ. ಯಾವ ಕೋಡಿಗೆ ಏನು ಅರ್ಥ, ಯಾವ ಭಾಗ ಎಷ್ಟು ದಿನಕ್ಕೆ ಹೋಯಿತು ಅಂತ ಎಲ್ಲರೂ ಒಂದೇ ಕಡೆ ಬರೆಯೋದು. ಯಾವ ಕೆಲಸಕ್ಕೆ ಎಷ್ಟು ತೆಗೆದುಕೊಂಡೆವು ಅನ್ನೋದನ್ನೂ ಸೇರಿಸೋಣ ಅಂತ ಒಬ್ಬರು ಅಂದರು.

ಕಾನೂನು ವಿದ್ಯಾರ್ಥಿನಿ
ಕೊನೆಯದನ್ನು ದಯವಿಟ್ಟು ಸೇರಿಸಬೇಡಿ! ಕೋಡ್, ಬಾಳಿಕೆ, ಅಪಾಯ, ಇವೆಲ್ಲ ಧಾರಾಳವಾಗಿ ಹಂಚಿಕೊಳ್ಳಿ. ಎದುರಾಳಿಗಳು ಒಬ್ಬರಿಗೊಬ್ಬರು ದರ ಹೇಳಿಕೊಂಡರೆ ಅದೇ ಸ್ಪರ್ಧಾ ಕಾನೂನು ನಿಮ್ಮ ಮೇಲೆ ತಿರುಗುತ್ತದೆ, ಸಣ್ಣವರು ಅಂತ ಬಿಡುವುದಿಲ್ಲ. 2006ರಲ್ಲಿ ಸ್ಪೇನಿನ ಬ್ಯಾಂಕುಗಳು ಸಾಲಗಾರರ ಮಾಹಿತಿಯನ್ನು ಒಂದೇ ದಾಖಲೆಯಲ್ಲಿ ಇಡುವ ವಿಷಯ, ಆಸ್ನೆಫ್ ಈಕ್ವಿಫ್ಯಾಕ್ಸ್ ಕೇಸ್, ನ್ಯಾಯಾಲಯಕ್ಕೆ ಬಂದಾಗ ನೋಡಿದ್ದು ಇದನ್ನೇ. ಯಾವ ಬ್ಯಾಂಕ್ ಏನು ಮಾಡುತ್ತಿದೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಾಗಬಾರದು, ಸೇರಬೇಕು ಅಂದ ಎಲ್ಲರಿಗೂ ಒಂದೇ ಷರತ್ತಿನಲ್ಲಿ ಬಾಗಿಲು ತೆರೆದಿರಬೇಕು. ನಿಮ್ಮ ಪಟ್ಟಿಯನ್ನೂ ಹಾಗೆ ಮಾಡಿ. ನಾಳೆ ಹೊಸದಾಗಿ ಕೆಲಸ ಶುರು ಮಾಡುವ ಹುಡುಗನಿಗೂ ಅದು ಸಿಗಲಿ.

ಸರ್ವರ್ ರೂಮ್
ಯುರೋಪಿನ ಡೇಟಾ ಕಾಯ್ದೆ ನೋಡಿದ್ದೀರಾ? 2025ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿದೆ. ನಿಮ್ಮ ಸಮಸ್ಯೆಯನ್ನೇ ಎದುರಿಗಿಟ್ಟುಕೊಂಡು ಬರೆದ ಹಾಗಿದೆ. ನೆಟ್‌ಗೆ ಜೋಡಿಸಿದ ಯಂತ್ರದ ಬಳಕೆಯಿಂದ ಹುಟ್ಟುವ ಡೇಟಾವನ್ನು ಬಳಕೆದಾರ ಕೇಳಬಹುದು, ತಾನು ಹೇಳಿದ ರಿಪೇರಿಯವರಿಗೆ ಕೊಡಿ ಅನ್ನಬಹುದು. 43ನೇ ವಿಧಿಯಲ್ಲಿ, ಆ 1996ರ ಡೇಟಾಬೇಸ್ ಹಕ್ಕು ಇಂಥ ಡೇಟಾಕ್ಕೆ ಅನ್ವಯಿಸುವುದಿಲ್ಲ ಅಂತ ಬರೆದೇಬಿಟ್ಟಿದ್ದಾರೆ. ಲೆಕ್ಕಪುಸ್ತಕ ಅವರ ಚಿಂತೆಗೂ ಉತ್ತರ ಇದೆ. ಆ ಡೇಟಾ ಇಟ್ಟುಕೊಂಡು ಎದುರಾಳಿ ಯಂತ್ರ ತಯಾರಿಸುವ ಹಾಗಿಲ್ಲ, ಗೇಟ್‌ಕೀಪರ್ ಕಂಪನಿಗಳು ಈ ದಾರಿಯಲ್ಲಿ ಡೇಟಾ ತರಿಸಿಕೊಳ್ಳುವ ಹಾಗಿಲ್ಲ. ಟ್ರೇಡ್ ಸೀಕ್ರೆಟ್ ಇದ್ದರೆ ಅದನ್ನು ಕಾಪಾಡುವ ಷರತ್ತು ಹಾಕಿ ಕೊಡಬೇಕು. ಪೂರ್ತಿ ಕೊಡಲ್ಲ ಅನ್ನುವುದು ಅಪರೂಪದ ಸಂದರ್ಭದಲ್ಲಿ ಮಾತ್ರ, ಅದನ್ನೂ ಕಾರಣ ಬರೆದು ತೋರಿಸಬೇಕು.

ಲೆಕ್ಕಪುಸ್ತಕ
ಈ ಕೊನೆಯ ಅಂಶಗಳು ನನಗೆ ಗೊತ್ತಿರಲಿಲ್ಲ. ಎದುರಾಳಿ ಯಂತ್ರಕ್ಕೆ ಬಳಸಬಾರದು ಅನ್ನುವ ಮಿತಿ ಇದ್ದರೆ ನನ್ನ ಆಕ್ಷೇಪ ಅರ್ಧಕ್ಕಿಂತ ಜಾಸ್ತಿ ಹೋಯಿತು.

ಲಿಫ್ಟ್ ದುರಸ್ತಿ
ಎಲ್ಲವನ್ನೂ ಎರಡು ಸಲ ಓದಿದೆ. ಡೇಟಾ ಮಾಲೀಕರದ್ದು ಅಂತ ಹೊಸ ಹಕ್ಕು ಬೇಕು ಅಂತ ಮೊದಲು ಅನ್ನಿಸುತ್ತಿತ್ತು. ಈಗ ಹಾಗೆ ಅನ್ನಿಸುತ್ತಿಲ್ಲ. ಆಸ್ತಿ ಅಂತ ಮಾಡಿದರೆ ಅದನ್ನೂ ಒಪ್ಪಂದದ ಮೂವತ್ತನೇ ಪುಟದಲ್ಲಿ ಬರೆಸಿಕೊಂಡುಬಿಡುತ್ತಾರೆ. ನಮಗೆ ಬೇಕಾದದ್ದು ನೋಡುವ ಹಕ್ಕು.

ಮಾಲೀಕರ ಜೊತೆ ಕೂತು ಮೂರನೇ ಪತ್ರ ಬರೆದೆವು. ಈ ಸಲ ಡೇಟಾ ಕೊಡಿ ಅಂತ ಒಟ್ಟಾಗಿ ಕೇಳಿಲ್ಲ. ಬಾಗಿಲು ಮುಚ್ಚಿದ ಹೊತ್ತು, ಮಹಡಿವಾರು, ಮೋಟಾರಿನ ಕರೆಂಟ್, ದೋಷದ ಕೋಡ್ ಮತ್ತು ಅದರ ಅರ್ಥ. ದಿನದ ಸಮಯ ತೆಗೆದು ಕೊಡಿ ಅಂದಿದ್ದೇವೆ. ನ್ಯಾಯವಾದ ಶುಲ್ಕ ಕೊಡುತ್ತೇವೆ ಅಂದಿದ್ದೇವೆ. ಯಾವ ಸಾಲು ಗುಟ್ಟು, ಯಾಕೆ ಗುಟ್ಟು ಅಂತ ಸಾಲುವಾರು ಬರೆದು ತಿಳಿಸಿ ಅಂತಲೂ ಕೇಳಿದ್ದೇವೆ.

ಕಾನೂನು ವಿದ್ಯಾರ್ಥಿನಿ
ಒಂದು ಸೇರಿಸಿ. ತಯಾರಕರ ಅಧಿಕೃತ ರಿಪೇರಿ ತಂಡಕ್ಕೆ ಇದೇ ಡೇಟಾ ಯಾವ ಷರತ್ತಿನಲ್ಲಿ ಸಿಗುತ್ತದೆ ಅಂತ ಕೇಳಿ. ಅವರಿಗೆ ಕೊಟ್ಟು ನಿಮಗೆ ಇಲ್ಲ ಅಂದರೆ, ಆ ಉತ್ತರವೇ ಮುಂದೆ ದೂರು ಕೊಡುವಾಗ ಮೊದಲ ಪುಟ.

ಲಿಫ್ಟ್ ದುರಸ್ತಿ
ಸೇರಿಸಿದೆ. ಈಗಷ್ಟೇ ಕಳಿಸಿದೆವು. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.